ಫಸ್ಟ್ ಬೇಸ್‌ಗೆ ಯಾರು ನಿಲ್ಲಬೇಕು?

2025ರ ಮೇ 2ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಊರಿನ ತಂಡಕ್ಕೆ ಫಸ್ಟ್ ಬೇಸ್ ಕಾಯುವ ಟ್ರಿಸ್ಟನ್ ಕಸಾಸ್ ಒಂದು ಚೆಂಡು ಹೊಡೆದರು. ಹೊಡೆದರು ಅನ್ನೋದಕ್ಕಿಂತ ತಾಗಿಸಿದರು ಅಂದರೆ ಸರಿ. ಚೆಂಡು ಮೆಲ್ಲಗೆ ಉರುಳಿಕೊಂಡು ಹೋಯಿತು. ಕಸಾಸ್ ಫಸ್ಟ್ ಬೇಸ್ ಕಡೆ, ಅಂದರೆ ಬ್ಯಾಟರ್ ಮೊದಲು ಮುಟ್ಟಬೇಕಾದ ಗುರುತಿನ ಕಡೆ ಓಡಿದರು. ಬೇಸ್ ಹತ್ತಿರ ಬರುತ್ತಿದ್ದ ಹಾಗೆ ಎಡಮಂಡಿ ಕೈಕೊಟ್ಟಿತು, ಅಲ್ಲೇ ಕುಸಿದರು. ಮಂಡಿಚಿಪ್ಪನ್ನು ಹಿಡಿದಿಡುವ ಸ್ನಾಯುವಿನ ಪಟ್ಟಿ ಹರಿದಿತ್ತು. ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಆ ವರ್ಷದ ಆಟ ಅವರಿಗೆ ಅಲ್ಲಿಗೇ ಮುಗಿಯಿತು.

ಆರು ವಾರ ಕಳೆಯಿತು. ಅದೇ ಬಾಸ್ಟನ್ ರೆಡ್ ಸಾಕ್ಸ್ ತಂಡದ ಅತಿ ದೊಡ್ಡ ಬ್ಯಾಟರ್ ರಫಾಯೆಲ್ ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪಾಲಾದರು. ಅವರಿಗೆ ಗಾಯವಾಗಿರಲಿಲ್ಲ. ಫಾರ್ಮ್ ಕೆಟ್ಟಿರಲಿಲ್ಲ, 73 ಪಂದ್ಯದಲ್ಲಿ 15 ಹೋಮ್ ರನ್ (ನಮ್ಮ ಸಿಕ್ಸರ್ ಥರ ಬೇಲಿ ದಾಟುವ ಹೊಡೆತ) ಹೊಡೆದಿದ್ದರು. 10 ವರ್ಷಕ್ಕೆ 31.35 ಕೋಟಿ ಡಾಲರ್ ಅಂತ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಇನ್ನೂ 25 ಕೋಟಿಗಿಂತ ಜಾಸ್ತಿ ಬಾಕಿ ಇತ್ತು. ಒಬ್ಬರ ಮಂಡಿ ಮುರಿದರೆ ಇನ್ನೊಬ್ಬರು ಊರು ಬಿಡಬೇಕಾಗಿ ಬಂದದ್ದು ಹೇಗೆ?

ಬೇಸ್‌ಬಾಲ್ ಅಭಿಮಾನಿಗಳು ವರ್ಷವಿಡೀ ಮಾಡುವ ವಾದ ಇದೇ. ಯಾರು ಎಲ್ಲಿ ನಿಲ್ಲಬೇಕು? ಕೆಳಗಿನ ಲೀಗ್‌ನಲ್ಲಿರುವ ಹುಡುಗನನ್ನು ಯಾವಾಗ ಮೇಲೆ ತರಬೇಕು? ಹೊರಗಿನಿಂದ ನೋಡುವವರಿಗೆ ಇದು ಬೆಣ್ಣೆಯಲ್ಲಿ ಕೂದಲು ತೆಗೆಯುವ ಕೆಲಸ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಗೊತ್ತಾದದ್ದು, ಒಂದು ಜಾಗದ ಪ್ರಶ್ನೆ ಯಾವತ್ತೂ ಒಂದೇ ಜಾಗದ ಪ್ರಶ್ನೆ ಆಗಿರೋದಿಲ್ಲ ಅಂತ. ಒಂದು ಕಲ್ಲು ಸರಿಸಿದರೆ ಗೋಡೆಯ ಇನ್ನು ನಾಲ್ಕು ಕಲ್ಲು ಅಲುಗಾಡುತ್ತವೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ಜಾಗ ಓವರ್‌ಗೊಮ್ಮೆ ಬದಲಾಗುತ್ತದೆ. ಈಗ ಸ್ಲಿಪ್‌ನಲ್ಲಿದ್ದವನು ಆಮೇಲೆ ಮಿಡ್ ಆಫ್‌ನಲ್ಲಿರುತ್ತಾನೆ. ಕೀಪರ್ ಒಬ್ಬನದು ಮಾತ್ರ ಬೇರೆ ಕಸುಬು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿ ಒಂಬತ್ತು ಜಾಗ, ಒಂಬತ್ತೂ ಬೇರೆ ಬೇರೆ ಕಸುಬು. ಆಟಗಾರನ ಹೆಸರಿನ ಜೊತೆ ಜಾಗದ ಹೆಸರೂ ಅಂಟಿಕೊಂಡಿರುತ್ತದೆ. ಸಂಬಳವೂ ಅದನ್ನೇ ನೋಡಿ ನಿಗದಿಯಾಗುತ್ತದೆ.

ನಮಗೆ ನೆನಪಿರುವ ಹತ್ತಿರದ ಉದಾಹರಣೆ ಅಂದರೆ 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲೌಸ್ ತೊಟ್ಟದ್ದು. ಅವರು ಕೀಪರ್ ಅಂತ ತಂಡಕ್ಕೆ ಬಂದವರಲ್ಲ. ಆದರೆ ಅವರು ಕೀಪಿಂಗ್ ಮಾಡಿದರೆ ತಂಡದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಸಿಗುತ್ತಿತ್ತು. ಆಗ ನಮ್ಮ ಮನೆಗಳಲ್ಲಿ, ಟೀ ಅಂಗಡಿಗಳಲ್ಲಿ ಎಷ್ಟು ಚರ್ಚೆಯಾಗಿತ್ತು ಅಲ್ವಾ? ಬೇಸ್‌ಬಾಲ್‌ನಲ್ಲಿ ಅಂಥ ಚರ್ಚೆ ಪ್ರತಿ ತಂಡದಲ್ಲಿ, ಪ್ರತಿ ತಿಂಗಳೂ ನಡೆಯುತ್ತದೆ.

ಈಗ ಮೈದಾನಕ್ಕೆ ಬರೋಣ. ಬ್ಯಾಟರ್ ನಿಲ್ಲುವ ಜಾಗದ ಹಿಂದೆ ಕೂತು ನೋಡುತ್ತಿದ್ದೀರಿ ಅಂದುಕೊಳ್ಳಿ. ಬಲಗಡೆ ಫಸ್ಟ್ ಬೇಸ್, ಎದುರಿಗೆ ದೂರದಲ್ಲಿ ಸೆಕೆಂಡ್, ಎಡಗಡೆ ಥರ್ಡ್. ಒಂದರಿಂದ ಇನ್ನೊಂದಕ್ಕೆ 90 ಅಡಿ. ಸೆಕೆಂಡ್ ಮತ್ತು ಥರ್ಡ್ ನಡುವಿನ ದೊಡ್ಡ ಬಯಲಲ್ಲಿ ನಿಲ್ಲುವವನು ಶಾರ್ಟ್‌ಸ್ಟಾಪ್. ಬ್ಯಾಟರ್‌ಗಳಲ್ಲಿ ಬಲಗೈಯವರೇ ಜಾಸ್ತಿ, ಅವರು ಬೀಸಿ ಹೊಡೆದ ಚೆಂಡು ಸಹಜವಾಗಿ ಎಡಗಡೆಗೆ ಬರುತ್ತದೆ. ಹಾಗಾಗಿ ಶಾರ್ಟ್‌ಸ್ಟಾಪ್‌ಗೆ ಕೈತುಂಬ ಕೆಲಸ.

ಬ್ಯಾಟರ್ ಚೆಂಡು ಹೊಡೆದು ಫಸ್ಟ್ ಬೇಸ್ ಮುಟ್ಟುವುದಕ್ಕೆ 4ರಿಂದ 4.5 ಸೆಕೆಂಡ್ ಬೇಕು. ಅಷ್ಟರೊಳಗೆ ಶಾರ್ಟ್‌ಸ್ಟಾಪ್ ಓಡಬೇಕು, ಬಗ್ಗಿ ಹಿಡಿಯಬೇಕು, ಗ್ಲೌವ್‌ನಿಂದ ಕೈಗೆ ತೆಗೆಯಬೇಕು, ಇಡೀ ಮೈದಾನ ದಾಟಿಸಿ ಎಸೆಯಬೇಕು. ಒಂದು ಸಲ ಚೆಂಡು ಕೈಯಲ್ಲಿ ತಡವರಿಸಿದರೆ ಬ್ಯಾಟರ್ ಸೇಫ್. ಥರ್ಡ್ ಬೇಸ್‌ನವನಿಗೆ ಓಡಾಟ ಕಡಿಮೆ. ಆದರೆ ಚೆಂಡು ಗುಂಡಿನ ಹಾಗೆ ಬರುತ್ತದೆ, ಯೋಚನೆಗೆ ಸಮಯವೇ ಇಲ್ಲ. ಎಸೆತವೂ ಉದ್ದ. ಸೆಕೆಂಡ್ ಬೇಸ್‌ನವನಿಗೆ ಎಸೆತ ಚಿಕ್ಕದು, ಓಡಾಟ ಜಾಸ್ತಿ.

ಇಲ್ಲೇ ಒಂದು ಸಣ್ಣ ಸ್ವಾರಸ್ಯ. ಎಡಗೈಯಲ್ಲಿ ಎಸೆಯುವವರು ಸೆಕೆಂಡ್, ಥರ್ಡ್, ಶಾರ್ಟ್‌ಸ್ಟಾಪ್ ಈ ಮೂರೂ ಜಾಗದಲ್ಲಿ ಕಾಣಿಸೋದೇ ಇಲ್ಲ ಅನ್ನಬಹುದು. ನಿಯಮವೇನೂ ಇಲ್ಲ. ಆದರೆ ಎಲ್ಲ ಎಸೆತವೂ ಫಸ್ಟ್ ಬೇಸ್ ಕಡೆಗೇ ಹೋಗಬೇಕು. ಎಡಗೈಯವನು ಎಸೆಯಬೇಕಾದರೆ ಮೈಯನ್ನು ಪೂರ್ತಿ ತಿರುಗಿಸಬೇಕು, ಅಷ್ಟರಲ್ಲಿ ಅರ್ಧ ಸೆಕೆಂಡ್ ಹೋಯಿತು. ಹಾಗಾಗಿ ಎಡಗೈ ಹುಡುಗರಿಗೆ ಶಾಲೆಯ ದಿನಗಳಲ್ಲೇ ಉಳಿಯುವ ದಾರಿ ಮೂರು: ಪಿಚರ್ (ನಮ್ಮ ಬೌಲರ್ ಥರ), ಔಟ್‌ಫೀಲ್ಡ್ (ಬೇಸ್‌ಗಳ ಆಚೆಯ ದೂರದ ಬಯಲು; ಅಲ್ಲಿ ಲೆಫ್ಟ್, ಸೆಂಟರ್, ರೈಟ್ ಅಂತ ಮೂರು ಜಾಗ), ಇಲ್ಲವೇ ಫಸ್ಟ್ ಬೇಸ್. ಮುಂದಿನ ಚರ್ಚೆಗಳೆಲ್ಲ ಶುರುವಾಗುವುದೇ ಹೀಗೆ, ಒಂದೊಂದು ಬಾಗಿಲು ಮುಚ್ಚಿಕೊಳ್ಳುತ್ತಾ.

ಬಿಲ್ ಜೇಮ್ಸ್ ಅನ್ನುವ ಅಂಕಿಅಂಶದ ಪಂಡಿತರು ಈ ಜಾಗಗಳನ್ನು ಒಂದು ಏಣಿಯ ಹಾಗೆ ಜೋಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಡಿಎಚ್. ಅದರ ಮೇಲೆ ಫಸ್ಟ್ ಬೇಸ್, ಲೆಫ್ಟ್ ಫೀಲ್ಡ್, ರೈಟ್ ಫೀಲ್ಡ್, ಥರ್ಡ್ ಬೇಸ್, ಸೆಂಟರ್ ಫೀಲ್ಡ್, ಸೆಕೆಂಡ್ ಬೇಸ್. ತುದಿಯಲ್ಲಿ ಶಾರ್ಟ್‌ಸ್ಟಾಪ್. ಕ್ಯಾಚರ್ (ಬ್ಯಾಟರ್ ಹಿಂದೆ ಕೂರುವ ಕೀಪರ್) ಕೆಲಸವೇ ಬೇರೆ, ಅದನ್ನು ಪಕ್ಕಕ್ಕಿಡಿ. ಮೇಲೆ ಹೋದಷ್ಟೂ ಫೀಲ್ಡಿಂಗ್ ಕಷ್ಟ, ಅಂಥವರು ಸಿಗೋದೂ ಕಷ್ಟ. ವಯಸ್ಸಾದಂತೆ ಆಟಗಾರ ಈ ಏಣಿಯಲ್ಲಿ ಇಳಿಯುತ್ತಾನೆ. ಹತ್ತುವವರು ತೀರಾ ಅಪರೂಪ.

ಡಿಎಚ್ ಅಂದರೆ ಡೆಸಿಗ್ನೇಟೆಡ್ ಹಿಟರ್. ಪಿಚರ್ ಬದಲು ಬ್ಯಾಟ್ ಮಾಡುತ್ತಾನೆ, ಮೈದಾನಕ್ಕೆ ಇಳಿಯುವುದೇ ಇಲ್ಲ. ಮೇಜರ್ ಲೀಗ್ ಅನ್ನುವ ಅಲ್ಲಿನ ಅತಿ ಮೇಲಿನ ಮಟ್ಟದ ಬೇಸ್‌ಬಾಲ್‌ನಲ್ಲಿ ಎರಡು ಭಾಗ: ಅಮೆರಿಕನ್ ಲೀಗ್‌ನಲ್ಲಿ 1973ರಿಂದ ಇದೆ, ನ್ಯಾಷನಲ್ ಲೀಗ್ ಒಪ್ಪಿಕೊಂಡದ್ದು 2022ರಲ್ಲಿ. ಬರೀ ಬ್ಯಾಟಿಂಗ್ ಮಾಡಿ ಕೋಟಿಗಟ್ಟಲೆ ದುಡಿಯಬಹುದು ಅಂದರೆ ಯಾರಿಗೆ ಬೇಡ ಅನ್ನಿಸಬಹುದು. ಆದರೆ ಎಷ್ಟೋ ಆಟಗಾರರಿಗೆ ಅದು ಇಷ್ಟವಿಲ್ಲ. ಮೂರು ನಿಮಿಷ ಬ್ಯಾಟ್ ಮಾಡಿ ಅರ್ಧ ಗಂಟೆ ಬೆಂಚ್ ಮೇಲೆ ಕೂರಬೇಕು. ಮೈ ತಣ್ಣಗಾಗುತ್ತದೆ. ಕಳೆದ ಸಲ ಔಟಾದದ್ದೇ ತಲೆಯಲ್ಲಿ ಸುತ್ತುತ್ತಿರುತ್ತದೆ.

ಈ ಏಣಿಗೆ ಈಗ ಲೆಕ್ಕವೂ ಇದೆ. ಆಟಗಾರನ ಒಟ್ಟು ಬೆಲೆಯನ್ನು ಗೆಲುವುಗಳಲ್ಲಿ ಹೇಳುವ ಒಂದು ಅಳತೆಯನ್ನು ಎಲ್ಲರೂ ಬಳಸುತ್ತಾರೆ, ಅದಕ್ಕೆ ‘ವಾರ್’ ಅನ್ನುತ್ತಾರೆ. ಸುಮಾರು 10 ರನ್‌ಗೆ ಒಂದು ಗೆಲುವು ಅಂತ ಅದರ ಅಂದಾಜು. ಅದರಲ್ಲಿ ನಿಂತ ಜಾಗಕ್ಕೇ ಒಂದಿಷ್ಟು ರನ್ ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಫ್ಯಾನ್‌ಗ್ರಾಫ್ಸ್ ಅನ್ನುವ ಅಂಕಿಅಂಶದ ವೆಬ್‌ಸೈಟ್ ಲೆಕ್ಕದಲ್ಲಿ ಪೂರ್ತಿ ಸೀಸನ್ನಿಗೆ ಶಾರ್ಟ್‌ಸ್ಟಾಪ್‌ಗೆ 7.5 ರನ್ ಕೂಡಿಸುತ್ತಾರೆ. ಥರ್ಡ್ ಬೇಸ್, ಸೆಕೆಂಡ್ ಬೇಸ್, ಸೆಂಟರ್ ಫೀಲ್ಡ್‌ಗೆ ತಲಾ 2.5. ಲೆಫ್ಟ್, ರೈಟ್ ಫೀಲ್ಡ್‌ನವರಿಂದ 7.5 ಕಳೆಯುತ್ತಾರೆ. ಫಸ್ಟ್ ಬೇಸ್‌ನವನಿಂದ 12.5. ಡಿಎಚ್‌ನಿಂದ 17.5.

ಅಂದರೆ ಥರ್ಡ್ ಬೇಸ್‌ನಲ್ಲಿ ನಿಲ್ಲುವವನಿಗೂ ಡಿಎಚ್‌ಗೂ ನಡುವೆ 20 ರನ್ ಅಂತರ, ಎರಡು ಗೆಲುವು. ಒಂದೇ ರೀತಿ ಬ್ಯಾಟ್ ಮಾಡುವ ಇಬ್ಬರಲ್ಲಿ ಥರ್ಡ್ ಬೇಸ್ ಸುಮಾರಾಗಿ ಕಾಯುವವನೇ ಬೆಲೆಬಾಳುತ್ತಾನೆ. ಹಾಗಾದರೆ ಡೆವರ್ಸ್ ತಲೆಕೆಡಿಸಿಕೊಂಡದ್ದರಲ್ಲಿ ಏನಾದರೂ ತಪ್ಪಿದೆಯಾ?

ಡೆವರ್ಸ್ ಡೊಮಿನಿಕನ್ ರಿಪಬ್ಲಿಕ್‌ನವರು. 16ನೇ ವಯಸ್ಸಿಗೇ ರೆಡ್ ಸಾಕ್ಸ್ ಸೇರಿದವರು. ಥರ್ಡ್ ಬೇಸ್‌ನಲ್ಲೇ ಬೆಳೆದರು, 2018ರಲ್ಲಿ ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಫೈನಲ್ ಸರಣಿ) ಗೆದ್ದ ತಂಡದಲ್ಲಿದ್ದರು. ಫೀಲ್ಡಿಂಗ್‌ನಲ್ಲಿ ಮಾತ್ರ ಪ್ರತಿ ವರ್ಷವೂ ಬೇಕಾದಷ್ಟು ತಪ್ಪುಗಳು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಬ್ಯಾಟ್ ಮುಂದೆ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. 2023ರ ಜನವರಿಯಲ್ಲಿ ದೊಡ್ಡ ಒಪ್ಪಂದ ಮಾಡಿಕೊಂಡಾಗ ತಂಡ ಕಟ್ಟುವ ಹೊಣೆ ಕೈಮ್ ಬ್ಲೂಮ್ ಅವರದಾಗಿತ್ತು. ಅದೇ ವರ್ಷ ಬ್ಲೂಮ್ ಅವರನ್ನು ತೆಗೆದರು. ಕ್ರೇಗ್ ಬ್ರೆಸ್ಲೊ ಬಂದರು.

2025ರ ಫೆಬ್ರುವರಿಯಲ್ಲಿ ಬ್ರೆಸ್ಲೊ ಅವರು ಅಲೆಕ್ಸ್ ಬ್ರೆಗ್ಮನ್ ಅವರನ್ನು ಮೂರು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರೆತಂದರು. ಬ್ರೆಗ್ಮನ್ ಕೂಡ ಥರ್ಡ್ ಬೇಸ್‌ನವರೇ. ಅದಕ್ಕೂ ಹಿಂದಿನ ವರ್ಷ ಅದೇ ಜಾಗಕ್ಕೆ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಗೆದ್ದವರು. ಒಂದು ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗಾಯಿತು. ‘ಬ್ರೆಗ್ಮನ್ ಸೆಕೆಂಡ್ ಬೇಸ್ ಆಡಲಿ’ ಅಂತ ಕೆಲವರು. ‘ಡೆವರ್ಸ್ ಡಿಎಚ್ ಆಗಲಿ’ ಅಂತ ಉಳಿದವರು. ‘ಥರ್ಡ್ ಬೇಸ್ ನನ್ನ ಜಾಗ’ ಅಂತ ಡೆವರ್ಸ್ ಬಾಯಿಬಿಟ್ಟೇ ಹೇಳಿದರು. ಆಮೇಲೆ ಒಪ್ಪಿದರು, ಡಿಎಚ್ ಆದರು.

ಇಲ್ಲಿ ಅಭಿಮಾನಿಗಳು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಯಾರು ಮೇಲು ಅಂತ ಕೇಳುತ್ತಾರೆ. ತಂಡ ಕಟ್ಟುವವರು ಹಾಗೆ ಕೇಳೋದಿಲ್ಲ. ಅವರು ಸಾಲು ಸಾಲಾಗಿ ಲೆಕ್ಕ ಹಾಕುತ್ತಾರೆ. ಬ್ರೆಗ್ಮನ್ ಸೆಕೆಂಡ್ ಬೇಸ್‌ಗೆ ಹೋದರೆ ಅಲ್ಲಿಗೆ ಬರಬೇಕಿದ್ದ ಹೊಸ ಹುಡುಗ ಕ್ರಿಸ್ಟಿಯನ್ ಕ್ಯಾಂಬೆಲ್ ಎಲ್ಲಿಗೆ ಹೋಗಬೇಕು? ಡೆವರ್ಸ್ ಡಿಎಚ್ ಆದರೆ, ಐದು ವರ್ಷಕ್ಕೆ 9 ಕೋಟಿ ಡಾಲರ್ ಕೊಟ್ಟು ಜಪಾನ್‌ನಿಂದ ಕರೆಸಿಕೊಂಡ ಮಸತಕ ಯೊಶಿದ ಎಲ್ಲಿ ಬ್ಯಾಟ್ ಮಾಡಬೇಕು? ಯೊಶಿದ ಅವರಿಗೆ ಭುಜದ ಶಸ್ತ್ರಚಿಕಿತ್ಸೆ ಆಗಿತ್ತು, ಹಾಗಾಗಿ ಆ ಪ್ರಶ್ನೆ ಸದ್ಯಕ್ಕೆ ಮುಂದೆ ಹೋಯಿತು. ಹೋಲಿಸಬೇಕಾದದ್ದು ಡೆವರ್ಸ್ ಮತ್ತು ಬ್ರೆಗ್ಮನ್ ಅವರನ್ನಲ್ಲ. ಒಂಬತ್ತು ಜನರ ಒಂದು ಪಟ್ಟಿಯನ್ನು ಒಂಬತ್ತು ಜನರ ಇನ್ನೊಂದು ಪಟ್ಟಿಯ ಜೊತೆ.

ಡೆವರ್ಸ್ ಶುರುವಾತು ಭಯಂಕರ. ಮೊದಲ ಐದು ಪಂದ್ಯದಲ್ಲಿ 19 ಸಲ ಪ್ರಯತ್ನಿಸಿ ಒಂದೂ ಹಿಟ್ (ಹೊಡೆದು ಬೇಸ್ ಮುಟ್ಟುವುದು) ಇಲ್ಲ, 15 ಸಲ ಸ್ಟ್ರೈಕ್‌ಔಟ್, ಅಂದರೆ ಮೂರು ಒಳ್ಳೆಯ ಎಸೆತ ಕೈತಪ್ಪಿ ಔಟ್. ‘ನೋಡಿದಿರಾ, ಜಾಗ ಕಿತ್ತುಕೊಂಡದ್ದಕ್ಕೇ ಹೀಗಾಯ್ತು’ ಅಂದರು ಒಂದಷ್ಟು ಜನ. ಆಮೇಲೆ ಬ್ಯಾಟ್ ಮಾತಾಡಿತು. ಎಲ್ಲರೂ ಸುಮ್ಮನಾದರು. ಅಷ್ಟರಲ್ಲಿ ಕಸಾಸ್ ಮಂಡಿ.

ಫಸ್ಟ್ ಬೇಸ್ ಖಾಲಿ. ಕೈಯಲ್ಲಿ ಒಬ್ಬ ಡಿಎಚ್ ಇದ್ದಾನೆ, ವಯಸ್ಸು 28, ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಸುತ್ತಲಿನ ಜಾಗದಲ್ಲೇ ಬೆಳೆದವನು. ತಂಡದವರು ಕೇಳಿಯೇಬಿಟ್ಟರು. ಡೆವರ್ಸ್ ಆಗಲ್ಲ ಅಂದರು. ‘ಗ್ಲೌವ್ ಎತ್ತಿಡು, ನೀನು ಇನ್ನು ಡಿಎಚ್ ಮಾತ್ರ ಅಂತ ಆಗ ಹೇಳಿದ್ದು ನೀವೇ ತಾನೆ’ ಅನ್ನುವ ಅರ್ಥದಲ್ಲಿ ಪತ್ರಕರ್ತರ ಮುಂದೆ ಮಾತಾಡಿದರು. ಬೇರೆ ಆಟಗಾರನನ್ನು ಹುಡುಕಿಕೊಳ್ಳುವುದು ಆಡಳಿತದವರ ಕೆಲಸ ಅಂತಲೂ ಹೇಳಿದರು. ಮಾಲೀಕ ಜಾನ್ ಹೆನ್ರಿ ಖುದ್ದು ಕ್ಯಾನ್ಸಸ್ ಸಿಟಿಗೆ ಹಾರಿ ಬಂದು ಅವರ ಜೊತೆ ಕೂತು ಮಾತಾಡಬೇಕಾಯಿತು.

ಫಸ್ಟ್ ಬೇಸ್ ಏಣಿಯಲ್ಲಿ ಕೆಳಗಿದೆ ತಾನೆ, ಯಾರು ಬೇಕಾದರೂ ನಿಲ್ಲಬಹುದಲ್ವಾ ಅಂತ ನೀವು ಕೇಳಬಹುದು. ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಶಾರ್ಟ್‌ಸ್ಟಾಪ್ ಕಡೆ ಚೆಂಡು ಹೊರಟ ಕ್ಷಣವೇ ಫಸ್ಟ್ ಬೇಸ್‌ನವನು ಬೇಸ್ ಕಡೆ ಓಡಬೇಕು. ಕಣ್ಣು ಚೆಂಡಿನ ಮೇಲೆ, ಬೇಸ್ ಎಲ್ಲಿದೆ ಅಂತ ಕಾಲಿಗೇ ಗೊತ್ತಾಗಬೇಕು. ಒಂದು ಕಾಲು ಬೇಸ್ ಅಂಚಿಗೆ ತಾಗಿಸಿ ಇನ್ನೊಂದನ್ನು ಎಸೆತ ಬರುವ ದಿಕ್ಕಿಗೆ ಚಾಚಬೇಕು. ತೀರಾ ಬೇಗ ಚಾಚಿದರೆ ಚೆಂಡು ಪಕ್ಕಕ್ಕೆ ಬಂದಾಗ ತಿರುಗಲಾಗದು. ಎಸೆತ ಗ್ಲೌವ್‌ಗೆ ಮುಂಚೆಯೇ ನೆಲಕ್ಕೆ ಬಡಿದರೆ, ಆ ಪುಟಿತವನ್ನು ಮಣ್ಣಿನ ಸಮೇತ ಬಾಚಿ ಎತ್ತಬೇಕು. ಆ ಹೊತ್ತಿಗೆ ಓಡಿಬರುವ ಬ್ಯಾಟರ್ ಪಕ್ಕದಲ್ಲೇ, ಮೊಣಕೈ ದೂರದಲ್ಲಿ. ಕಾಲು ಒಂದಂಗುಲ ಆಚೀಚೆ ಇದ್ದರೆ ಯಾರದೋ ಶೂ ಕೆಳಗೆ ಹಿಮ್ಮಡಿ.

ಈ ಕೆಲಸ ಪಂದ್ಯಕ್ಕೆ ಹತ್ತಾರು ಸಲ. ಇದನ್ನು ಸೀಸನ್ ನಡುವೆ, ದಿನಕ್ಕೊಂದು ಪಂದ್ಯ ಆಡುತ್ತಾ ಕಲಿಯಬೇಕು. ಕಲಿಯಲಾಗದ ಕೆಲಸವೇನಲ್ಲ. ಆದರೆ ಸುಮ್ನೆ ಹೋಗಿ ನಿಂತುಕೊಳ್ಳೋ ಕೆಲಸವೂ ಅಲ್ಲ.

ನನ್ನ ಮಟ್ಟಿಗೆ ಹೇಳೋದಾದರೆ ಎರಡೂ ಕಡೆ ತಪ್ಪಿದೆ, ತಂಡದ ಕಡೆ ಸ್ವಲ್ಪ ಜಾಸ್ತಿ. ವಸಂತದಲ್ಲಿ ಒಂದು ಮಾತು, ಬೇಸಿಗೆಗೆ ಇನ್ನೊಂದು ಮಾತು ಆಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಡಿಎಚ್ ಮಾಡುವಾಗಲೇ ‘ನಾಳೆ ಬೇಕಾದರೆ ಫಸ್ಟ್ ಬೇಸ್‌ಗೂ ತಯಾರಿರು’ ಅಂದಿದ್ದರೆ ಇಷ್ಟಾಗುತ್ತಿರಲಿಲ್ಲ. ಆದರೆ ಅಷ್ಟು ಸಂಬಳ ತಗೊಳ್ಳುವವರು ‘ಒಂದು ವಾರ ಕೊಡಿ, ಪ್ರಾಕ್ಟೀಸ್ ಮಾಡಿ ನೋಡ್ತೀನಿ’ ಅನ್ನಬಹುದಿತ್ತು ಅನ್ನುವವರ ಮಾತನ್ನೂ ತಳ್ಳಿಹಾಕಲಾಗದು.

ಹುಡುಗರ ಸಾಲು

ಡೆವರ್ಸ್ ಒಪ್ಪದಿದ್ದಾಗ ತಂಡ ಯಾರ ಕಡೆ ತಿರುಗಿತು ಗೊತ್ತಾ? ಇನ್ನೂ ಎರಡು ತಿಂಗಳೂ ತುಂಬದ ಹೊಸಬ ಕ್ಯಾಂಬೆಲ್ ಕಡೆ. ಸೆಕೆಂಡ್ ಬೇಸ್ ಆಡುತ್ತಿದ್ದವರಿಗೆ ಫಸ್ಟ್ ಬೇಸ್‌ನ ದೊಡ್ಡ ಗ್ಲೌವ್ ಕೊಟ್ಟು ಪಂದ್ಯಕ್ಕೆ ಮುಂಚೆ ಅಭ್ಯಾಸ ಶುರುಮಾಡಿಸಿದರು. ಇಲ್ಲಿಂದ ಚರ್ಚೆಯ ಇನ್ನೊಂದು ಅರ್ಧ, ಪ್ರಾಸ್ಪೆಕ್ಟ್‌ಗಳ ವಿಷಯ.

ಪ್ರಾಸ್ಪೆಕ್ಟ್ ಅಂದರೆ ಮುಂದೆ ದೊಡ್ಡವನಾಗುತ್ತಾನೆ ಅಂತ ತಂಡ ನಂಬಿ ಬೆಳೆಸುತ್ತಿರುವ ಹುಡುಗ. ನಮ್ಮ ರಣಜಿ ಥರ ಅಲ್ಲ ಇದು. ಮೇಜರ್ ಲೀಗ್‌ನ ಪ್ರತಿ ತಂಡದ ಕೆಳಗೂ ಅದರದೇ ಏಣಿ ಇರುತ್ತದೆ: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ರೆಡ್ ಸಾಕ್ಸ್‌ಗೆ ಡಬಲ್ ಎ ತಂಡ ಮೇಯ್ನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ, ಟ್ರಿಪಲ್ ಎ ವೂಸ್ಟರ್‌ನಲ್ಲಿ. ವೂಸ್ಟರ್‌ನಿಂದ ಬಾಸ್ಟನ್‌ಗೆ ಕಾರಲ್ಲಿ ಒಂದು ಗಂಟೆ ದಾರಿ. ದೂರ ಅಷ್ಟೇ. ಆದರೆ ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ.

ಹುಡುಗರನ್ನು ಅಳೆಯುವುದಕ್ಕೆ ಸ್ಕೌಟ್‌ಗಳದ್ದು (ಊರೂರು ಸುತ್ತಿ ಪ್ರತಿಭೆ ಹುಡುಕುವವರು) 20ರಿಂದ 80ರವರೆಗಿನ ಅಂಕ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಬ್ಯಾಟಿಗೆ ಚೆಂಡು ಸಿಗಿಸುವುದು, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ ಹೀಗೆ ಐದಕ್ಕೂ ಬೇರೆ ಬೇರೆ ಅಂಕ. ಇಲ್ಲೂ ಜಾಗದ ಪ್ರಶ್ನೆ ಬಂದೇ ಬರುತ್ತದೆ. ‘ಶಾರ್ಟ್‌ಸ್ಟಾಪ್ ಆಗಿಯೇ ಉಳಿಯುತ್ತಾನಾ, ಇಲ್ಲ ಥರ್ಡ್‌ಗೆ ಸರಿಯಬೇಕಾಗುತ್ತಾ?’ ಹದಿನೆಂಟರ ಹುಡುಗನ ಬಗ್ಗೆ ಈ ಮಾತು. ಇನ್ನೂ ಮೈ ತುಂಬಿಕೊಳ್ಳುತ್ತದೆ, ಭುಜ ಅಗಲವಾಗುತ್ತದೆ, ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಶಾರ್ಟ್‌ಸ್ಟಾಪ್‌ನಲ್ಲಿ ಈ ಬ್ಯಾಟಿಂಗ್ ಇದ್ದರೆ ಸ್ಟಾರ್. ಅದೇ ಬ್ಯಾಟಿಂಗ್ ಇಟ್ಟುಕೊಂಡು ಫಸ್ಟ್ ಬೇಸ್‌ಗೆ ಬಂದರೆ ಸಾಲದು, ಯಾಕೆಂದರೆ ಅಲ್ಲಿ ನಿಲ್ಲುವವರೆಲ್ಲ ಚೆನ್ನಾಗಿ ಹೊಡೆಯುವವರೇ.

ರೆಡ್ ಸಾಕ್ಸ್ ಹತ್ತಿರ ಆ ವರ್ಷ ಮೂವರು ಹುಡುಗರಿದ್ದರು. ಮಾರ್ಸೆಲೊ ಮೇಯರ್ 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ನಾಲ್ಕನೆಯವರಾಗಿ ಆಯ್ಕೆಯಾದವರು. ರೋಮನ್ ಆಂಥನಿ 2022ರಲ್ಲಿ 79ನೆಯವರು. ಕ್ಯಾಂಬೆಲ್ 2023ರಲ್ಲಿ ನಾಲ್ಕನೇ ಸುತ್ತಿನವರೆಗೂ ಕಾದವರು. 2025ರ ಜೂನ್ ಹೊತ್ತಿಗೆ ಇಡೀ ಬೇಸ್‌ಬಾಲ್‌ನ ನಂಬರ್ ಒನ್ ಪ್ರಾಸ್ಪೆಕ್ಟ್ ಅನ್ನಿಸಿಕೊಂಡವರು ಯಾರು? ಆ 79ನೆಯವರು. ಸ್ಕೌಟ್‌ಗಳ ಅಂಕವನ್ನು ಎಷ್ಟು ನಂಬಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಮಾತು ಬೇಡ.

ಅದೇ ಆಂಥನಿ ವೂಸ್ಟರ್‌ನಲ್ಲಿ ಕಾಯುತ್ತಿದ್ದರು. ಅಭಿಮಾನಿಗಳು ಬೊಬ್ಬೆ ಹೊಡೆಯುತ್ತಿದ್ದರು, ಯಾಕೆ ಕರೆಸುತ್ತಿಲ್ಲ ಅಂತ. ಉತ್ತರ ಸುಲಭ: ಜಾಗ ಇರಲಿಲ್ಲ. ಆಂಥನಿ ಔಟ್‌ಫೀಲ್ಡರ್. ಬಾಸ್ಟನ್‌ನ ಔಟ್‌ಫೀಲ್ಡ್‌ನಲ್ಲಿ ಜ್ಯಾರನ್ ಡುರಾನ್, ಸೆಡಾನ್ ರಫೇಲಾ, ವಿಲ್ಯರ್ ಅಬ್ರೇಯು ಮೂವರೂ ಗಟ್ಟಿಯಾಗಿ ಕೂತಿದ್ದರು. ಡಿಎಚ್ ಜಾಗದಲ್ಲಿ ಡೆವರ್ಸ್. ಇಂಥ ಸ್ಥಿತಿಗೆ ‘ಬ್ಲಾಕ್ ಆಗಿದ್ದಾನೆ’ ಅನ್ನುತ್ತಾರೆ. ನೋಡಿ, ಡೆವರ್ಸ್ ಡಿಎಚ್ ಆದದ್ದರ ಬಿಸಿ ಎಲ್ಲಿಗೆ ಮುಟ್ಟಿತು ಅಂತ. ಅವರು ಫಸ್ಟ್ ಬೇಸ್‌ಗೆ ಹೋಗಿದ್ದರೆ ಒಂದು ಜಾಗ ತುಂಬುತ್ತಿತ್ತು, ಇನ್ನೊಂದು ಜಾಗ ತೆರೆಯುತ್ತಿತ್ತು.

ಇದೇ ತಂಡದಲ್ಲಿ ಹನ್ನೊಂದು ವರ್ಷದ ಹಿಂದೆ ಇಂಥದ್ದೇ ನಡೆದಿತ್ತು. ಮುಕೀ ಬೆಟ್ಸ್ ಸೆಕೆಂಡ್ ಬೇಸ್ ಆಡುತ್ತಾ ಮೇಲೆ ಬಂದವರು. ಅಲ್ಲಿ ಡಸ್ಟಿನ್ ಪೆಡ್ರೊಯಾ ಇದ್ದರು, ಅಲುಗಾಡಿಸುವ ಹಾಗಿರಲಿಲ್ಲ. 2014ರಲ್ಲಿ ಬೆಟ್ಸ್ ಅವರನ್ನು ಔಟ್‌ಫೀಲ್ಡ್‌ಗೆ ಕಳಿಸಿದರು. ಅಲ್ಲಿ ಅವರು ಆರು ಗೋಲ್ಡ್ ಗ್ಲೌವ್ ಗೆದ್ದರು. 2020ರಲ್ಲಿ ಬಾಸ್ಟನ್ ಅವರನ್ನು ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟಿತು. ಅದರ ನೋವು ಬಾಸ್ಟನ್‌ನವರಿಗೆ ಇನ್ನೂ ಹೋಗಿಲ್ಲ. ಡಾಡ್ಜರ್ಸ್‌ಗೆ ಶಾರ್ಟ್‌ಸ್ಟಾಪ್ ಬೇಕಾದಾಗ ಬೆಟ್ಸ್ ಅಲ್ಲಿಗೂ ಹೋದರು. 32ರ ವಯಸ್ಸಲ್ಲಿ, ಏಣಿಯಲ್ಲಿ ಎಲ್ಲರೂ ಇಳಿಯುವ ಹೊತ್ತಲ್ಲಿ, ಅವರು ತುದಿಗೆ ಹತ್ತಿದರು. 2025ರಲ್ಲಿ ಶಾರ್ಟ್‌ಸ್ಟಾಪ್ ಆಗಿಯೇ ಆಡಿ ವರ್ಲ್ಡ್ ಸೀರೀಸ್ ಗೆದ್ದರು. ಡೆವರ್ಸ್ ವಿಷಯ ಬಂದಾಗಲೆಲ್ಲ ಅಭಿಮಾನಿಗಳು ಬೆಟ್ಸ್ ಹೆಸರು ತೆಗೆಯುತ್ತಾರೆ. ಇದು ಅನ್ಯಾಯ ಅನ್ನಿಸುತ್ತದೆ ನನಗೆ. ಬೆಟ್ಸ್ ಥರದವರು ತಲೆಮಾರಿಗೆ ಒಬ್ಬರೋ ಇಬ್ಬರೋ. ಅವರನ್ನು ಅಳತೆಗೋಲು ಮಾಡಿಕೊಂಡರೆ ಯಾರೂ ಪಾಸಾಗುವುದಿಲ್ಲ.

ಇನ್ನು ಫೆನ್‌ವೇ ಮೈದಾನದ್ದೇ ಒಂದು ಕಥೆ. ಲೆಫ್ಟ್ ಫೀಲ್ಡ್‌ನಲ್ಲಿ 37 ಅಡಿ ಎತ್ತರದ ಹಸಿರು ಗೋಡೆ, ಬ್ಯಾಟರ್‌ನಿಂದ ಬರೀ 310 ಅಡಿ ದೂರ. ಹೆಸರು ಗ್ರೀನ್ ಮಾನ್‌ಸ್ಟರ್. ಅಲ್ಲಿ ಓಡಾಡೋ ಜಾಗ ಕಡಿಮೆ. ಗೋಡೆಗೆ ಬಡಿದ ಚೆಂಡು ಹೇಗೆ ತಿರುಗಿ ಬರುತ್ತದೆ ಅಂತ ಊಹಿಸುವುದೇ ಕೆಲಸ. ರೈಟ್ ಫೀಲ್ಡ್ ಉಲ್ಟಾ. ಮೂಲೆಯಲ್ಲಿ ಕಂಬ 302 ಅಡಿಗೇ ಇದೆ, ಆದರೆ ಅಲ್ಲಿಂದ ಗೋಡೆ ಸರ್ರನೆ ಹಿಂದೆ ಸರಿಯುತ್ತದೆ, 380 ಅಡಿವರೆಗೆ. ಬೇರೆ ಊರಲ್ಲಿ ಲೆಫ್ಟ್ ಫೀಲ್ಡರ್, ರೈಟ್ ಫೀಲ್ಡರ್ ಒಂದೇ ಬೆಲೆಯವರು. ಇಲ್ಲಿ ರೈಟ್‌ಗೆ ಹೆಚ್ಚುಕಡಿಮೆ ಇನ್ನೊಬ್ಬ ಸೆಂಟರ್ ಫೀಲ್ಡರ್ ಬೇಕು. ಹಾಗಾಗಿ ಆಂಥನಿ ಬಂದರೆ ಲೆಫ್ಟಾ ರೈಟಾ ಅನ್ನುವುದೂ ಆಗ ವಾದದ ವಸ್ತುವೇ ಆಗಿತ್ತು.

ದಿನಗಳ ಲೆಕ್ಕ

ಜಾಗವಿದ್ದರೂ ತಂಡಗಳು ಹುಡುಗರನ್ನು ತಡೆದಿಡುವುದುಂಟು. ಅದು ದುಡ್ಡಿನ ಲೆಕ್ಕ. ಮೇಜರ್ ಲೀಗ್‌ಗೆ ಬಂದವನು ಆರು ವರ್ಷ ಸೇವೆ ಮುಗಿಸಿದ ಮೇಲೆ ಸ್ವತಂತ್ರ, ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿಯವರೆಗೆ ಅವನು ಆ ತಂಡದ ಕೈಯಲ್ಲಿ. ಮೊದಲ ಮೂರು ವರ್ಷ ಸಂಬಳ ಕನಿಷ್ಠದ ಆಸುಪಾಸು. 2025ರಲ್ಲಿ ಆ ಕನಿಷ್ಠ 7,60,000 ಡಾಲರ್ ಇತ್ತು. ಒಂದು ವರ್ಷದ ಸೇವೆ ಅಂದರೆ 172 ದಿನ. 171 ಆದರೆ ಅದು ಪೂರ್ತಿ ವರ್ಷ ಅಂತ ಲೆಕ್ಕಕ್ಕಿಲ್ಲ.

ಈ 171 ನಾನು ಸುಮ್ನೆ ಹೇಳಿದ ಸಂಖ್ಯೆಯಲ್ಲ. 2015ರಲ್ಲಿ ಚಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರೈಂಟ್ ಅನ್ನುವ ಹುಡುಗನನ್ನು ಸೀಸನ್ ಶುರುವಾದಾಗ ಕೆಳಗೇ ಬಿಟ್ಟಿತು. ಏಪ್ರಿಲ್ 17ರಂದು ಕರೆಸಿತು. ವರ್ಷದ ಕೊನೆಗೆ ಅವರ ಲೆಕ್ಕ ಸರಿಯಾಗಿ 171 ದಿನ. ಒಂದು ದಿನ ಕಡಿಮೆಯಾದದ್ದಕ್ಕೆ ಇಡೀ ಒಂದು ವರ್ಷ ಹೆಚ್ಚಿಗೆ ಕಬ್ಸ್‌ನಲ್ಲೇ ಇರಬೇಕಾಯಿತು. ಆ ವರ್ಷದ ಶ್ರೇಷ್ಠ ಹೊಸಬ ಪ್ರಶಸ್ತಿ ಅವರಿಗೇ ಬಂತು. ದೂರು ಕೊಟ್ಟರು, 2020ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕಿತ್ತು ಅಂತ ಆಗ ಕಬ್ಸ್ ಹೇಳಿದ ಕಾರಣ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಹೊಸ ಒಪ್ಪಂದದಲ್ಲಿ ಇದಕ್ಕೆ ಸ್ವಲ್ಪ ಮದ್ದು ಹುಡುಕಿದರು. ಹೆಸರುಮಾಡಿದ ಪ್ರಾಸ್ಪೆಕ್ಟನ್ನು ಸೀಸನ್ ಮೊದಲಿನಿಂದಲೇ ಆಡಿಸಿ, ಅವನು ದೊಡ್ಡ ಪ್ರಶಸ್ತಿ ಗೆದ್ದರೆ ತಂಡಕ್ಕೆ ಡ್ರಾಫ್ಟ್‌ನಲ್ಲಿ ಇನ್ನೊಬ್ಬನನ್ನು ಆರಿಸುವ ಅವಕಾಶ ಸಿಗುತ್ತದೆ.

ಇನ್ನೊಂದು ದಾರಿ ಅಂದರೆ ಮೊದಲೇ ಉದ್ದದ ಒಪ್ಪಂದ ಮಾಡಿಕೊಳ್ಳುವುದು. ಕ್ಯಾಂಬೆಲ್ ಬಂದು ಒಂದು ವಾರವಾಗಿತ್ತೋ ಇಲ್ಲವೋ, ಎಂಟು ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಏಪ್ರಿಲ್‌ನಲ್ಲಿ ಅವರೇ ಲೀಗ್‌ನ ತಿಂಗಳ ಹೊಸಬ. ಎಲ್ಲರೂ ಬ್ರೆಸ್ಲೊ ಅವರ ಜಾಣತನ ಹೊಗಳಿದರು. ಮೇ ತಿಂಗಳಲ್ಲಿ ಬ್ಯಾಟ್ ಮುನಿಸಿಕೊಂಡಿತು. ಜೂನ್‌ನಲ್ಲಿ ಅವರನ್ನು ವೂಸ್ಟರ್‌ಗೆ ವಾಪಸ್ ಕಳಿಸಿದರು. ಫಸ್ಟ್ ಬೇಸ್ ಕಲಿಯುವ ಭಾರವೂ ಸೇರಿ ಹೀಗಾಯಿತಾ? ಇರಬಹುದು. ಪಿಚರ್‌ಗಳು ಅವರ ದೌರ್ಬಲ್ಯ ಕಂಡುಹಿಡಿದರು ಅನ್ನುವುದೂ ನಿಜ. ಮೇಲೆ ಬಂದ ಹುಡುಗ ನೇರ ಮೇಲೇ ಹೋಗುತ್ತಾನೆ ಅಂದುಕೊಳ್ಳುವುದು ಅಭಿಮಾನಿಗಳು ಮಾಡುವ ಇನ್ನೊಂದು ತಪ್ಪು.

ಹುಡುಗರಿಗೆ ಬಾಗಿಲು ತೆರೆಯುವುದು ಬಹಳ ಸಲ ಬೇರೆಯವರ ಗಾಯದಿಂದ. ಮೇ 23ರಂದು ಬ್ರೆಗ್ಮನ್ ತೊಡೆ ಹಿಡಿದುಕೊಂಡು ನಿಂತರು, ಮರುದಿನ ಮೇಯರ್ ಬಾಸ್ಟನ್‌ನಲ್ಲಿದ್ದರು. ಅವರು ಶಾರ್ಟ್‌ಸ್ಟಾಪ್, ಆದರೆ ಆ ಜಾಗ ಟ್ರೆವರ್ ಸ್ಟೋರಿಯವರದು. ಹಾಗಾಗಿ ಥರ್ಡ್ ಬೇಸ್‌ಗೆ ನಿಂತರು. ಜೂನ್‌ನಲ್ಲಿ ಅಬ್ರೇಯು ಪಕ್ಕೆ ಸ್ನಾಯು ನೋಯಿಸಿಕೊಂಡರು. ಜೂನ್ 9ರಂದು ಆಂಥನಿ ಬಂದರು. ಎರಡು ದಿನ ಮುಂಚೆ ವೂಸ್ಟರ್ ಪರ 497 ಅಡಿ ದೂರದ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಬರುವ ಹೋಮ್ ರನ್) ಹೊಡೆದಿದ್ದ ಹುಡುಗ. ಮೊದಲ ರಾತ್ರಿ ಒಂದೂ ಹಿಟ್ ಇಲ್ಲ. ರೈಟ್ ಫೀಲ್ಡ್‌ನಲ್ಲಿ ಒಂದು ತಪ್ಪನ್ನೂ ಮಾಡಿದರು. ಆದರೂ ಆಗಸ್ಟ್ ಹೊತ್ತಿಗೆ ಎಂಟು ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಕೈಯಲ್ಲಿತ್ತು.

ಜೂನ್ 15ರಂದು ನ್ಯೂಯಾರ್ಕ್‌ನ ಯಾಂಕೀಸ್ ತಂಡದ ವಿರುದ್ಧ ಮೂರಕ್ಕೆ ಮೂರೂ ಪಂದ್ಯ ಗೆದ್ದ ಖುಷಿಯಲ್ಲಿದ್ದಾಗಲೇ ಸುದ್ದಿ ಬಂತು, ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ. ಬದಲಿಗೆ ಬಂದದ್ದು ಜಾರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್ ಮತ್ತು ಹೊಸೆ ಬೆಯೊ. ನಾಲ್ವರಲ್ಲಿ ಫಸ್ಟ್ ಬೇಸ್ ಕಾಯುವವರು ಒಬ್ಬರೂ ಇಲ್ಲ! ಬಾಕಿ ಸಂಬಳವನ್ನೆಲ್ಲ ಜೈಂಟ್ಸ್ ಹೊತ್ತುಕೊಂಡಿತು. ರೆಡ್ ಸಾಕ್ಸ್‌ನವರು ಫಸ್ಟ್ ಬೇಸ್‌ಗೆ ಒಬ್ಬರಾದ ಮೇಲೆ ಒಬ್ಬರನ್ನು ನಿಲ್ಲಿಸಿದರು, ಆಗಸ್ಟ್‌ನಲ್ಲಿ ಬೇರೆ ತಂಡ ಬಿಟ್ಟುಕೊಟ್ಟ ನಥಾನಿಯಲ್ ಲೋ ಅವರನ್ನೂ ಸೇರಿಸಿಕೊಂಡರು. ಹಾಗೂ ಹೀಗೂ 89 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋದರು. ಅಲ್ಲಿ ಅದೇ ಯಾಂಕೀಸ್ ಕೈಯಲ್ಲಿ ಸೋತರು.

ಜುಲೈ 22ರಂದು ಜೈಂಟ್ಸ್ ತಂಡದ ಪಟ್ಟಿಯಲ್ಲಿ ಡೆವರ್ಸ್ ಹೆಸರಿನ ಮುಂದೆ ಬರೆದಿದ್ದ ಜಾಗ ಫಸ್ಟ್ ಬೇಸ್. ದೊಡ್ಡ ಗ್ಲೌವ್ ಹಾಕಿಕೊಂಡು, ಮೊದಲು ಒಂದಷ್ಟು ದಿನ ಅಭ್ಯಾಸ ಮಾಡಿಕೊಂಡು, ಯಾವ ಜಗಳವೂ ಇಲ್ಲದೆ ಹೋಗಿ ನಿಂತರು. ಆ ವರ್ಷ ಮುಗಿದ ಮೇಲೆ ಬ್ರೆಗ್ಮನ್ ಕೂಡ ಒಪ್ಪಂದದಲ್ಲಿದ್ದ ಅವಕಾಶ ಬಳಸಿ ಹೊರನಡೆದರು, 2026ರ ಜನವರಿಯಲ್ಲಿ ಕಬ್ಸ್ ಸೇರಿದರು. ಬಾಸ್ಟನ್‌ನಲ್ಲಿ ಆಗ ಥರ್ಡ್ ಬೇಸ್ ಖಾಲಿಯಾಯಿತು. ಆ ಚಳಿಗಾಲದಲ್ಲಿ ಅಲ್ಲಿನವರ ಬಾಯಲ್ಲಿ ಮೇಯರ್ ಹೆಸರೇ ಇತ್ತು: ಹುಡುಗನನ್ನು ಥರ್ಡ್‌ಗೆ ನಿಲ್ಲಿಸಬೇಕಾ, ಸೆಕೆಂಡ್‌ಗಾ?